ಮೊಣಕಾಲು ಸುಟ್ಟಾಗ ಕೆಳಗೆ ದಿಂಬು ಇಡಬೇಡಿ

ನಿನ್ನೆ ಸಂಜೆ ನಿಮ್ಮ ತಾಯಿಯ ಮೊಣಕಾಲಿನ ಮೇಲೆ ಕುದಿಯುವ ಬೇಳೆ ಚೆಲ್ಲಿದೆ, ದೊಡ್ಡ ಗುಳ್ಳೆ ಎದ್ದಿದೆ, ಅದನ್ನು ಒಡೆಯಬಹುದಾ, ಕಾಲು ಹೇಗಿಡಬೇಕು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಕಲಬುರಗಿಯ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಅವ್ವ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಒಲೆ ಮೇಲಿನ ತೊಗರಿಬೇಳೆ ಪಾತ್ರೆ ವಾಲಿತು. ಬೇಳೆ ನೀರಿನ ಹಾಗಲ್ಲ, ಅಂಟಿಕೊಂಡು ಸುಡುತ್ತಲೇ ಇರುತ್ತದೆ.

ಗುಳ್ಳೆ ಒಡೆಯಬೇಡಿ. ಆ ಚರ್ಮ ಇರುವಷ್ಟು ದಿನ ಕೆಳಗಿನ ಹಸಿ ಗಾಯಕ್ಕೆ ಕೊಳೆ ತಾಗಲ್ಲ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕೀಲಿನ ಮೇಲೆ ಸುಟ್ಟರೆ ಗಾಯ ಸಣ್ಣದಿದ್ದರೂ ತೋರಿಸಲೇಬೇಕು, ಸಕ್ಕರೆ ಕಾಯಿಲೆ ಇದ್ದರಂತೂ ತಡ ಮಾಡಬಾರದು. ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ. ಎಲ್ಲಾದರೂ ಬೆಳ್ಳಗಾಗಿ, ಮುಟ್ಟಿದರೂ ನೋವಿಲ್ಲ ಅಂದರೆ ಸದ್ಯ ವಾಸಿಯಾಯ್ತು ಅಂದುಕೊಳ್ಳಬೇಡಿ. ಆಳವಾಗಿ ಸುಟ್ಟಾಗ ನರವೂ ಸುಟ್ಟು ನೋವೇ ಗೊತ್ತಾಗಲ್ಲ.

ಮೊಣಕಾಲಿನ ಹಿಂಭಾಗವನ್ನೂ ನೋಡಿ. ಅವ್ವ ಕಾಲು ಮಡಚಿ ಕೂತಿದ್ದರಿಂದ ಬೇಳೆ ಹರಿದು ಹಿಂದಿನ ಸಂದಿಯಲ್ಲಿ ನಿಂತಿತ್ತು. ನಾವು ಮುಂದಿನ ಗುಳ್ಳೆಯನ್ನೇ ನೋಡುತ್ತಾ ಕೂತೆವು.

ನಾವು ಮಾಡಿದ ದೊಡ್ಡ ತಪ್ಪು ದಿಂಬಿನದು. ಕಾಲು ಸ್ವಲ್ಪ ಮಡಚಿದರೆ ಉರಿ ಕಡಿಮೆ ಅಂತ ಅವ್ವ ಅಂದಳು, ನಾವು ಮೊಣಕಾಲ ಕೆಳಗೆ ಮೆತ್ತಗೆ ದಿಂಬು ಕೊಟ್ಟೆವು. ಗಾಯ ಒಣಗಿತು, ಕಾಲು ಮಾತ್ರ ಪೂರ್ತಿ ಚಾಚಲು ಬರಲಿಲ್ಲ. ಗಾಯ ಮಾಯುವಾಗ ಹೊಸ ಚರ್ಮ ಕುಗ್ಗುತ್ತದೆ, ಮಡಚಿಯೇ ಇಟ್ಟರೆ ಹಾಗೇ ಬಿಗಿಯುತ್ತದೆ. ಮೊಣಕಾಲಿನ ಮುಂಭಾಗ ಸುಟ್ಟಿದ್ದರೆ ಉಲ್ಟಾ, ಮಡಚುವುದೇ ಕಷ್ಟ. ಅದಕ್ಕೆ ಮಲಗಿದಾಗ ಕಾಲು ನೇರ ಇರಲಿ. ಡಾಕ್ಟರ್ ಒಪ್ಪಿದ ಮೇಲೆ ದಿನಕ್ಕೆ ನಾಲ್ಕಾರು ಸಲ ಮಡಚಿ ಚಾಚಿಸಿ. ಫಿಸಿಯೋದವರು ಅವ್ವನ ಹಿಮ್ಮಡಿ ಕೆಳಗೆ ಟವೆಲ್ ಸುತ್ತಿ ಇಟ್ಟು, ಮೊಣಕಾಲನ್ನು ಹಾಸಿಗೆಗೆ ಒತ್ತಿಸುತ್ತಿದ್ದರು. ಅವ್ವ ಬೈಯುತ್ತಲೇ ಮಾಡಿದಳು. ಎರಡು ತಿಂಗಳು ಹಿಡಿಯಿತು. ಮೂರು ವಾರವಾದರೂ ಗಾಯ ಮಾಯದಿದ್ದರೆ ಸರ್ಜನ್‌ಗೆ ತೋರಿಸಿ, ಚರ್ಮ ಕಸಿ ಬೇಕಾಗಬಹುದು.

ಪೇಸ್ಟು, ಅರಿಶಿನ, ಐಸು ಯಾವುದೂ ಬೇಡ. ಸುಟ್ಟ ತಕ್ಷಣ ಬಟ್ಟೆ ಸರಿಸಿ (ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ), 20 ನಿಮಿಷ ತಣ್ಣೀರು ಹರಿಸಬೇಕು. ಮೂರು ತಾಸಿನ ಒಳಗಾದರೂ ಉಪಯೋಗವಿದೆ, ನಿಮಗೆ ಆ ಹೊತ್ತು ಮುಗಿದಿದೆ. ನಮ್ಮ ಕಡೆ ಮೇ ತಿಂಗಳಲ್ಲಿ ಟ್ಯಾಂಕಿನ ನೀರೇ ಸುಡುತ್ತದೆ ಅಲ್ವಾ, ಆಗ ಹರವಿ (ಮಣ್ಣಿನ ಕೊಡ) ನೀರು ಹಾಕಿ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಮಂಡಿನೋವಿಗೆ ಬಿಸಿನೀರಿನ ಚೀಲ ಇಡುವ ರೂಢಿ ನಿಮ್ಮ ಮನೆಯಲ್ಲೂ ಇರಬಹುದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರಿಗೆ ಅದು ಬೇಡ. ಸುಡುತ್ತಿರುವುದೇ ಅವರಿಗೆ ಗೊತ್ತಾಗಲ್ಲ.