ಮಹಾಬಲೇಶ್ವರದಲ್ಲಿ ಹಿಮ ಬೀಳಿಸಬಹುದಾ?

ಪ್ರಶ್ನೆ: ವೆನ್ನಾ ಕೆರೆ ದಂಡೆಯಲ್ಲಿ ಇಬ್ಬನಿ ಹೆಪ್ಪುಗಟ್ಟಿದ ಫೋಟೋ ಚಳಿಗಾಲದಲ್ಲಿ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂದೇ ಬರುತ್ತದೆ. ಅಷ್ಟು ಚಳಿ ಇದ್ದ ಮೇಲೆ ವಿದೇಶದ ಸ್ಕೀ ಬೆಟ್ಟಗಳಲ್ಲಿರುವಂಥ ಹಿಮದ ಯಂತ್ರವನ್ನು ಅಲ್ಲೇ ತಂದಿಟ್ಟರೆ ಆಗಲ್ವಾ? ಗುಲ್ಮಾರ್ಗ್‌ವರೆಗೆ ಹೋಗುವ ಖರ್ಚು ಉಳಿಯುತ್ತಿತ್ತು.
– ಡೊಂಬಿವಲಿಯ ಓದುಗರು

ಉತ್ತರ: ಆಗಲ್ಲ. ಫೋಟೋ ಸುಳ್ಳಲ್ಲ, ಆದರೆ ಅದು ನೆಲಕ್ಕೆ ಅಂಟಿಕೊಂಡ ಚಳಿ. ಮೋಡ, ಗಾಳಿ ಎರಡೂ ಇಲ್ಲದ ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹೋಗಿ ಹುಲ್ಲಿನ ಮೇಲಿನ ಇಬ್ಬನಿ ಗಟ್ಟಿಯಾಗುತ್ತದೆ. ಆಳೆತ್ತರದಲ್ಲಿ ಗಾಳಿ ಅಷ್ಟು ತಣ್ಣಗಿರುವುದಿಲ್ಲ. ಬಿಸಿಲು ಬಂದರೆ ಮುಗಿಯಿತು.

ಆ ಯಂತ್ರ ಫ್ರಿಜ್ ಅಲ್ಲ ನೋಡಿ. ನೀರನ್ನು ಒತ್ತಡದಲ್ಲಿ ಸಣ್ಣ ಹನಿಯಾಗಿ ಸಿಡಿಸಿ ಗಾಳಿಗೆ ತೂರುತ್ತದೆ, ಅಷ್ಟೇ; ತಂಪು ಮಾಡುವ ಕೆಲಸವೆಲ್ಲ ಹವೆಯದ್ದು. ಸೊನ್ನೆ ಡಿಗ್ರಿಯ ಒಂದು ಕಿಲೋ ನೀರು ಗಡ್ಡೆಯಾಗಬೇಕಾದರೆ 334 ಕಿಲೋಜೂಲ್ ಶಾಖ ಬಿಡಬೇಕು, ಅದನ್ನು ಸುತ್ತಲಿನ ಗಾಳಿ ಎಳೆದುಕೊಳ್ಳಬೇಕು, ಜೊತೆಗೆ ಹನಿಯ ಒಂದಿಷ್ಟು ಪಾಲು ಆವಿಯಾಗಿ ಹೋಗುತ್ತಾ ಉಳಿದದ್ದನ್ನು ತಣ್ಣಗೆ ಮಾಡಬೇಕು, ಇದೆಲ್ಲ ಹನಿ ನೆಲ ಮುಟ್ಟುವುದರೊಳಗೆ ಆಗಬೇಕು. ಹಾಗಾಗಿ ಎಂಜಿನಿಯರುಗಳು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಲೆಕ್ಕ ಹಿಡಿಯುತ್ತಾರೆ. ಅದು ಸುಮಾರು -2 ಡಿಗ್ರಿಗಿಂತ ಕೆಳಗಿರಬೇಕು. ಒಣ ಹವೆಯಾದರೆ ಸಾಮಾನ್ಯ ಥರ್ಮಾಮೀಟರ್ ಸೊನ್ನೆ ತೋರಿಸುವಾಗಲೂ ಹಿಮ ಆಗುತ್ತದೆ. ತೇವ ಜಾಸ್ತಿ ಇದ್ದರೆ ಸುಮ್ನೆ ನೀರು ಚೆಲ್ಲಿದ ಹಾಗೆ. ಮೇ ತಿಂಗಳಲ್ಲಿ ದಾದರ್ ಸ್ಟೇಷನ್ನಿನಲ್ಲಿ ಬೆವರು ಆರುವುದಿಲ್ಲ ಅಲ್ವಾ, ಅದೇ ಕಾರಣ.

ಇನ್ನು ನೀರು. ಒಂದು ಹೆಕ್ಟೇರ್ ಜಾಗಕ್ಕೆ 30 ಸೆಂಟಿಮೀಟರ್ ಹಿಮ ಹಾಸಲು ಸುಮಾರು 10 ಲಕ್ಷ ಲೀಟರ್ ಬೇಕು. ನಮ್ಮ ಸೊಸೈಟಿ ಭಾಷೆಯಲ್ಲಿ ಹೇಳುವುದಾದರೆ 10 ಸಾವಿರ ಲೀಟರಿನ 100 ಟ್ಯಾಂಕರ್! ಆಲ್ಪ್ಸ್‌ನಲ್ಲಿ ಇದಕ್ಕೆಂದೇ ಬೆಟ್ಟ ಅಗೆದು ಕೆರೆ ಕಟ್ಟಿದ್ದಾರೆ. ಚಳಿಗಾಲದಲ್ಲಿ ಹಳ್ಳಗಳು ಸೊರಗಿರುತ್ತವೆ, ಆಗಲೇ ಅವುಗಳಿಂದ ನೀರೆತ್ತುವುದೂ ಉಂಟು. ಯಂತ್ರದ ಹಿಮಕ್ಕೆ ತೂಕ ಜಾಸ್ತಿ. ಒಂದು ಘನ ಮೀಟರಿಗೆ 400–500 ಕಿಲೋ, ಆಗಷ್ಟೇ ಬಿದ್ದ ನಿಜ ಹಿಮ ಸುಮಾರು 100 ಕಿಲೋ. ತಡವಾಗಿ ಕರಗುವುದರಿಂದ ಕೆಳಗಿನ ಹುಲ್ಲು ಚಿಗುರುವುದೂ ತಡ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿ ಇಂಥ ಹಿಮದ ಮೇಲೇ ನಡೆಯಿತು, ಅದೂ ನೀರಿಗೆ ಬರವಿರುವ ಕಡೆ. ನನಗಂತೂ ಅದು ಹೆಮ್ಮೆಯ ವಿಷಯವಾಗಿ ಕಾಣಲಿಲ್ಲ. ಇನ್ನು ಚಳಿ ಕೈಕೊಟ್ಟ ವರ್ಷವೇ ಯಂತ್ರದ ಅಗತ್ಯ ಜಾಸ್ತಿ, ಆ ವರ್ಷವೇ ಅದು ಓಡುವ ಗಂಟೆಗಳೂ ಕಡಿಮೆ. ಕೃಷ್ಣೆ ಹುಟ್ಟುವ ಬೆಟ್ಟಕ್ಕೆ ಈ ಉಸಾಬರಿ ಯಾಕೆ?

ಪ್ರಶ್ನೆ: ಕುರ್ಲಾದ ಮಾಲ್‌ನ ಸ್ನೋ ಪಾರ್ಕಿನಲ್ಲಿ ಮಗಳು ಹಿಮ ಬಾಯಿಗೆ ಹಾಕಿಕೊಂಡಳು. ಅದರಲ್ಲಿ ಕೆಮಿಕಲ್ ಇರುತ್ತದಾ?
– ಠಾಣೆಯ ಓದುಗರು

ಉತ್ತರ: ಹಿಮ ಮಾಡಲು ನೀರೊಂದೇ ಸಾಕು. ಬಯಲಿನ ಸ್ಕೀ ಬೆಟ್ಟಗಳಲ್ಲಿ ಕೆಲವರು ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾದ ಪ್ರೋಟೀನ್ ಬೆರೆಸುತ್ತಾರೆ. ಶುದ್ಧ ನೀರಿನ ಸಣ್ಣ ಹನಿ ಸೊನ್ನೆಗಿಂತ ಎಷ್ಟೋ ಕೆಳಗಿಳಿದರೂ ಗಟ್ಟಿಯಾಗದೆ ಹಠ ಹಿಡಿಯುತ್ತದೆ, ಈ ಪ್ರೋಟೀನ್ ಇದ್ದರೆ ಬೇಗ ಗಟ್ಟಿಯಾಗುತ್ತದೆ. ಮಾಲ್‌ನಲ್ಲಿ ಹಾಲ್ ಅನ್ನೇ ಸೊನ್ನೆಗಿಂತ ಕೆಳಗೆ ಇಟ್ಟಿರುತ್ತಾರೆ, ಒಳಗಿನ ಬಿಸಿಯನ್ನು ಹೊರಗೆ ಮುಂಬೈಗೆ ದಾಟಿಸುತ್ತಾರೆ. ಕೆಮಿಕಲ್ಲಿಗಿಂತ ಬೂಟುಗಳ ಕೊಳೆಗೆ ಹೆದರಿ. ದಿನವಿಡೀ ಜನ ಅದರ ಮೇಲೇ ಓಡಾಡಿರುತ್ತಾರೆ. ಮುಂದಿನ ಸಲ ಬಾಯಿಗೆ ಹಾಕಲು ಬಿಡಬೇಡಿ.