ನಕ್ಷೆಯಲ್ಲಿ ಚುಕ್ಕೆ ಇಲ್ಲವೆಂದರೆ ರೋಗವೂ ಇಲ್ಲವೇ?

ಪ್ರಶ್ನೆ: ಯಾವ ದೇಶದಲ್ಲಿ ಯಾವ ಸಾಂಕ್ರಾಮಿಕ ರೋಗ ಹರಡುತ್ತಿದೆ ಎಂದು ತೋರಿಸುವ ನಕ್ಷೆಗಳನ್ನು ಮೊಬೈಲಿನಲ್ಲಿ ನೋಡುತ್ತಿರುತ್ತೇನೆ. ಕೆಲವು ದೇಶಗಳ ತುಂಬ ಕೆಂಪು ಚುಕ್ಕೆಗಳಿದ್ದರೆ, ಕೆಲವು ಪೂರ್ತಿ ಖಾಲಿ ಇರುತ್ತವೆ. ಇವನ್ನು ಎಷ್ಟರ ಮಟ್ಟಿಗೆ ನಂಬಬಹುದು? ನಮ್ಮ ತಾಲ್ಲೂಕಿನ ಹಳ್ಳಿಯಲ್ಲಿ ವಾಂತಿ-ಭೇದಿ ಹರಡಿದರೆ ಅದೂ ಅಲ್ಲಿ ಕಾಣಿಸುತ್ತದೆಯೇ?
— ಓದುಗರೊಬ್ಬರು, ಮುಧೋಳ

ಉತ್ತರ: ಸಾಮಾನ್ಯವಾಗಿ ಕಾಣಿಸುವುದಿಲ್ಲ, ಹಾಗೆಂದು ಅದು ಯಾರ ಗಮನಕ್ಕೂ ಬರುವುದಿಲ್ಲ ಎಂದಲ್ಲ. ಎಲ್ಲಿ ಯಾವ ರೋಗ ಹರಡುತ್ತಿದೆ ಎಂದು ಗಮನಿಸಲು ನಮ್ಮ ದೇಶದಲ್ಲಿ 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮದಲ್ಲಿ ಮೂರು ಬಗೆಯ ವರದಿಗಳಿವೆ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಲಕ್ಷಣಗಳನ್ನಷ್ಟೇ ದಾಖಲಿಸುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಮ್ಮ ಅನುಮಾನವನ್ನು ಬರೆಯುತ್ತಾರೆ, ಪ್ರಯೋಗಾಲಯ ಖಚಿತ ಫಲಿತಾಂಶವನ್ನು ಕೊಡುತ್ತದೆ. ಆ ಋತುವಿನಲ್ಲಿ ಆ ಊರಿನಲ್ಲಿ ಸಹಜವಾಗಿ ಇರಬೇಕಾದ ಸಂಖ್ಯೆಗಿಂತ ರೋಗಿಗಳು ಹೆಚ್ಚಾದರೆ ಬಾಗಲಕೋಟೆಯ ಜಿಲ್ಲಾ ಸರ್ವೇಕ್ಷಣಾ ಘಟಕ ತನಿಖೆಗೆ ತಂಡವನ್ನು ಕಳಿಸಬೇಕು. ಮಾಹಿತಿ ಬೆಂಗಳೂರಿಗೂ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೂ ಹೋಗುತ್ತದೆ.

ದೆಹಲಿಯಿಂದ ವಿಶ್ವ ಆರೋಗ್ಯ ಸಂಸ್ಥೆಗೆ ಎಲ್ಲವೂ ಹೋಗುವುದಿಲ್ಲ. 2007ರ ಜೂನ್ 15ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಪ್ರಕಾರ ಸಿಡುಬು, ಕಾಡು ಪೋಲಿಯೊ ವೈರಸ್ (ಲಸಿಕೆಯಿಂದ ಬಂದದ್ದಲ್ಲ, ಸಹಜವಾಗಿ ಹರಡುವಂಥದ್ದು), ಸಾರ್ಸ್ ಎಂಬ ತೀವ್ರ ಉಸಿರಾಟದ ರೋಗ ಮತ್ತು ಮನುಷ್ಯರಲ್ಲಿ ಕಾಣಿಸಿಕೊಂಡ ಹೊಸ ಬಗೆಯ ಇನ್‌ಫ್ಲುಯೆಂಜಾ ಒಂದೇ ಪ್ರಕರಣವಿದ್ದರೂ ತಿಳಿಸಬೇಕು. ಉಳಿದ ರೋಗಗಳ ವಿಷಯದಲ್ಲಿ ಅದು ಗಂಭೀರವೇ, ಅಸಹಜವೇ, ಗಡಿ ದಾಟಬಹುದೇ, ಪ್ರಯಾಣ ಮತ್ತು ವ್ಯಾಪಾರಕ್ಕೆ ನಿರ್ಬಂಧ ತರಬಹುದೇ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಎರಡಕ್ಕಾದರೂ ಹೌದೆಂಬ ಉತ್ತರ ಬಂದರೆ, ಆ ಮೌಲ್ಯಮಾಪನವಾದ 24 ಗಂಟೆಗಳೊಳಗೆ ವರದಿ ಮಾಡಬೇಕು. ಸರ್ಕಾರಗಳು ಹೇಳುವವರೆಗೆ ಸಂಸ್ಥೆ ಕಾದು ಕೂರುವುದಿಲ್ಲ. ಪತ್ರಿಕಾ ಸುದ್ದಿಗಳನ್ನೂ ವದಂತಿಗಳನ್ನೂ ಜಾಲಾಡುತ್ತದೆ. ಆಮೇಲೆ ಕೋವಿಡ್ ಎಂದು ಹೆಸರಾದ, ಚೀನಾದ ವುಹಾನಿನ ನ್ಯುಮೋನಿಯಾ 2019ರ ಡಿಸೆಂಬರ್ 31ರಂದು ಅದರ ಗಮನಕ್ಕೆ ಬಂದದ್ದು ಅಲ್ಲಿನ ನಗರ ಆರೋಗ್ಯ ಆಯೋಗದ ಪ್ರಕಟಣೆಯಿಂದ ಮತ್ತು ಇಂಥ ಮುಕ್ತ ಮೂಲಗಳಿಂದ.

ಇನ್ನು ಖಾಲಿ ಜಾಗದ ಮಾತು. 2013ರ ಡಿಸೆಂಬರ್‌ನಲ್ಲಿ ಗಿನಿ ದೇಶದಲ್ಲಿ ಎಬೊಲಾ ಎಂಬ ಮಾರಕ ವೈರಸ್ ರೋಗ ಶುರುವಾಗಿತ್ತು. ಅದು ಎಬೊಲಾ ಎಂದು ಗೊತ್ತಾದದ್ದು 2014ರ ಮಾರ್ಚ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ನಿಮ್ಮಂತೆ ನಕ್ಷೆ ನೋಡಿದವರಿಗೆ ಆ ಪ್ರದೇಶ ನಿರೋಗಿಯಾಗಿಯೇ ಕಂಡಿರುತ್ತದೆ. ಕೊನೆಗೆ ಪಶ್ಚಿಮ ಆಫ್ರಿಕಾದಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಇದಕ್ಕೆ ತದ್ವಿರುದ್ಧವಾಗಿ, 2021ರ ನವೆಂಬರ್‌ನಲ್ಲಿ ಕೊರೊನಾ ವೈರಸ್ಸಿನ ಒಮಿಕ್ರಾನ್ ತಳಿಯನ್ನು ಬೇಗ ಗುರುತಿಸಿ ಜಗತ್ತಿಗೆ ತಿಳಿಸಿದ ದಕ್ಷಿಣ ಆಫ್ರಿಕಾಕ್ಕೆ ಸಿಕ್ಕ ಪ್ರತಿಫಲ ವಿಮಾನಗಳ ನಿಷೇಧ. ಹುಡುಕಿ ಹೇಳಿದವರಿಗೇ ಇಂಥ ಶಿಕ್ಷೆಯಾದರೆ ಮುಂದಿನ ಸಲ ಬೇರೊಂದು ದೇಶ ತಡಮಾಡಿ ಹೇಳಿದರೆ ಅಚ್ಚರಿಪಡಬೇಕಾಗಿಲ್ಲ.

ಹಾಗಾದರೆ ಖಾಲಿ ಜಾಗದಲ್ಲಿ ರೋಗವಿಲ್ಲವೋ, ಹುಡುಕುವವರಿಲ್ಲವೋ ಎಂದು ತಿಳಿಯುವುದು ಹೇಗೆ? ಪೋಲಿಯೊ ಸರ್ವೇಕ್ಷಣೆ ಇದಕ್ಕೆ ಒಳ್ಳೆಯ ಉಪಾಯ ಕಂಡುಕೊಂಡಿದೆ. 15 ವರ್ಷದೊಳಗಿನ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ, ಕಾರಣ ಏನೇ ಇರಲಿ, ವರದಿ ಮಾಡಿ ಮಲದ ಎರಡು ಮಾದರಿಗಳನ್ನು ಪರೀಕ್ಷಿಸಬೇಕು. ಪೋಲಿಯೊ ಅಲ್ಲದ ಇಂಥ ಪ್ರಕರಣಗಳು ಪ್ರತಿ 1 ಲಕ್ಷ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ 1 ಆದರೂ ಇದ್ದೇ ಇರುತ್ತವೆ. ಅಷ್ಟೂ ಸಿಗದಿದ್ದರೆ ಆ ಜಿಲ್ಲೆ ಸರಿಯಾಗಿ ಹುಡುಕುತ್ತಿಲ್ಲ ಎಂದೇ ಅರ್ಥ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡ ಕೊನೆಯ ಪ್ರಕರಣದ ನಂತರ ಭಾರತದಲ್ಲಿ ಕಾಡು ಪೋಲಿಯೊ ಇಲ್ಲ ಎಂಬ ಮಾತಿಗೆ ತೂಕ ಬಂದದ್ದು ಈ ಹುಡುಕಾಟದಿಂದ.

ನಿಮ್ಮ ಭಾಗದಲ್ಲಿ ಇಂಥ ಖಾಲಿ ಜಾಗ ಉಳಿಯುವ ಸಾಧ್ಯತೆ ಇರುವುದು ಕಬ್ಬು ಕಟಾವಿನ ಗ್ಯಾಂಗುಗಳ ಜೋಪಡಿಗಳಲ್ಲಿ ಮತ್ತು ಗುಳೆ ಹೋಗಿ ಬರುವ ಕುಟುಂಬಗಳಲ್ಲಿ. ಅವರು ಯಾವ ಊರಿನ ಪಟ್ಟಿಯಲ್ಲೂ ಸೇರದೆ ಹೋಗಬಹುದು. ಅಲ್ಲಿ ನಾಲ್ಕಾರು ಜನರಿಗೆ ಒಟ್ಟಿಗೆ ವಾಂತಿ-ಭೇದಿಯೋ ಜ್ವರವೋ ಬಂದದ್ದು ಕಂಡರೆ ಆಶಾ ಕಾರ್ಯಕರ್ತೆಗೆ ಇಲ್ಲವೇ 104ಕ್ಕೆ ತಿಳಿಸಿ. ಪ್ರಯೋಗಾಲಯದ ಫಲಿತಾಂಶಕ್ಕೆ ಕಾಯಬೇಕಾಗಿಲ್ಲ.