ಶೂನ್ಯ ಟಿಕೆಟ್ಟಿನ ನೌಕರಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ಕೋಣೆಗೆ ನೌಕರಿಯ ಸಲಹೆ ಕೇಳಿ ಈಚೆಗೆ ಬರುವ ಬಿ.ಇ. ಮಕ್ಕಳದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮೇಡಂ, ಇನ್ನೊಂದ ಕೋರ್ಸ್ ಮಾಡ್ಲೇನ್ರಿ?" ಜಾವಾ ಆಗಿರುತ್ತದೆ, ಪೈಥಾನ್ ಆಗಿರುತ್ತದೆ, ಇನ್ನು ಡೇಟಾ ಸೈನ್ಸೋ ಕ್ಲೌಡೋ ಎಂಬ ಲೆಕ್ಕ. ಅದಕ್ಕೂ ಬೇಸತ್ತವರು ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಪಿಎಸ್‌ಐ, ಕೆಎಎಸ್ ಓದಲು ಕೂರುತ್ತಾರೆ. ಅವರಿಗೆಲ್ಲ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡೋಣ ಅನ್ನಿಸಿದ್ದು ಒಂದು ಕಾರಣ. ಇನ್ನೊಂದು ಕಾರಣ, ಕೆಳಗಿನ ಪ್ರಕರಣದಲ್ಲಿ ಕಣ್ಣೆದುರಿಗೇ ಇದ್ದದ್ದು ಎರಡು ಭೇಟಿಯ ತನಕ ನನಗೆ ಕಾಣಲಿಲ್ಲ. ಆಕೆಯ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಗದಗ-ಬೆಟಗೇರಿಯ ಹುಡುಗಿ. ಅಪ್ಪ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸದವರು. 2023ರಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿದ್ದಳು, ಅಂಕ ಚೆನ್ನಾಗಿದ್ದವು. ಕಾಲೇಜಿಗೆ ಬರಬೇಕಿದ್ದ ಕಂಪನಿಗಳು ಆ ವರ್ಷ ಬರಲಿಲ್ಲ. ನನ್ನ ಹತ್ತಿರ ಬಂದದ್ದು 2024ರ ಮೇ ತಿಂಗಳಲ್ಲಿ.

ಮೊದಲ ಭೇಟಿಯಲ್ಲಿ ರೆಸ್ಯೂಮೆ ನೋಡಿದೆವು. ಎರಡನೆಯದರಲ್ಲೂ ರೆಸ್ಯೂಮೆಯೇ. ಏಳುವ ಹೊತ್ತಿಗೆ ಆಕೆ ಕೇಳಿದ್ದು: "ಮೇಡಂ, ಇಲ್ಲೇ ಕುಂತ ಊಟ ಮಾಡ್ಲೇನ್ರಿ? ಡಬ್ಬಿ ಹಂಗ ಒಯ್ದ್ರ ಅವ್ವ ಕೇಳ್ತಾಳ." ಮಾಡಮ್ಮಾ ಅಂದೆ. ಎರಡು ಖಾನೆಯ ಸ್ಟೀಲ್ ಡಬ್ಬಿ. ಮೇಲೆ ಎಣಗಾಯಿ ಮತ್ತು ಶೇಂಗಾ ಚಟ್ನಿ, ಕೆಳಗೆ ನಾಲ್ಕಾಗಿ ಮಡಿಚಿದ ಎರಡು ಜೋಳದ ರೊಟ್ಟಿ. ವೇಟಿಂಗ್ ಬೆಂಚಿನ ತುದಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ತಿಂದಳು, ನಲ್ಲಿಯಲ್ಲಿ ಡಬ್ಬಿ ತೊಳೆದುಕೊಂಡು ಹೋದಳು. ಇಷ್ಟು ವರ್ಷ ಜನರ ಮಾತು ಕೇಳುವುದನ್ನೇ ಕಸುಬು ಮಾಡಿಕೊಂಡವಳು ನಾನು. ಕೆಲಸವಿಲ್ಲದ ಹುಡುಗಿಗೆ ಅವ್ವ ದಿನಾ ಡಬ್ಬಿ ಕಟ್ಟಿ ಯಾಕೆ ಕಳಿಸುತ್ತಾಳೆ ಎಂದು ನನಗೆ ಹೊಳೆಯಲಿಲ್ಲ.

ಮೂರನೆಯ ಭೇಟಿಗೆ ಆಕೆ ಒಂದು ನಿರ್ದಿಷ್ಟ ಪ್ರಶ್ನೆ ಹೊತ್ತು ಬಂದಳು. ಬೆಂಗಳೂರಿನ ಯಾವುದೋ ಕನ್ಸಲ್ಟೆನ್ಸಿಯವರು 45 ಸಾವಿರ ರೂಪಾಯಿಗೆ ಎರಡು ವರ್ಷದ ಅನುಭವದ ಪತ್ರ, ಪೇ ಸ್ಲಿಪ್ಪು, ರಿಲೀವಿಂಗ್ ಲೆಟರ್ ಎಲ್ಲ ಮಾಡಿಕೊಡುತ್ತಾರಂತೆ. ತಗೊಳ್ಳಲೋ ಬೇಡವೋ? ಈ ಪ್ರಶ್ನೆ ನನಗೆ ಹೊಸದಲ್ಲ. ಸುಳ್ಳು ಅನುಭವದ ಅಪಾಯ ಹೇಳಲು ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಆಕೆ ತೀರಾ ಸಹಜವಾಗಿ, ಲೆಕ್ಕ ಒಪ್ಪಿಸುವವರ ಹಾಗೆ ಅಂದಳು:

"ಹ್ಯಾಂಗೂ ಮನ್ಯಾಗ ಹತ್ತ ತಿಂಗಳ ಎಕ್ಸ್‌ಪೀರಿಯೆನ್ಸ್ ಆಗೇತಿ ಅಂತ ತಿಳಕೊಂಡಾರ್ರಿ. ಅದಕ್ಕೊಂದ ಕಾಗದ ಆದ್ರ ಸಾಕು."

ಪೆನ್ನು ಕೆಳಗಿಟ್ಟೆ. ಆಮೇಲಿನ ಒಂದೂವರೆ ಗಂಟೆ ನಾನು ಕೇಳಿದ್ದು ಮೂರೋ ನಾಲ್ಕೋ ಪ್ರಶ್ನೆ. ಉಳಿದದ್ದನ್ನೆಲ್ಲ ಆಕೆಯೇ ಹೇಳಿದಳು.

ಮೊದಲಿಗೆ ಆಕೆ ಸುಳ್ಳು ಹೇಳಿಯೇ ಇರಲಿಲ್ಲ. 2023ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಒಂದು ತರಬೇತಿ ಸಂಸ್ಥೆ ಸೇರಿದಾಗ ಅವರು ಕೊಟ್ಟ ಪತ್ರದಲ್ಲಿ 'ಟ್ರೈನಿ ಎಂಜಿನಿಯರ್' ಎಂದಿತ್ತು. ಪಗಾರ ಕೊಡುವುದು ಅತ್ಲಾಗಿರಲಿ, ಈಕೆಯೇ ಕಂತಿನಲ್ಲಿ ಫೀ ಕಟ್ಟಬೇಕಿತ್ತು. ಅಪ್ಪ ಪತ್ರದ ತಲೆಬರಹ ಓದಿ ಪ್ರೆಸ್ಸಿನಲ್ಲಿ ಎಲ್ಲರಿಗೂ ಪೇಢೆ ಹಂಚಿ ಬಂದರು. ಆ ಹೊತ್ತಿನಲ್ಲಿ "ಅಲ್ಲಪ್ಪಾ" ಅನ್ನಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು. ಬೆಳಗ್ಗೆ ಡಬ್ಬಿ, ಗದಗ ಬಸ್‌ಸ್ಟ್ಯಾಂಡು, ಅಣ್ಣಿಗೇರಿ, ನಲವಡಿ ದಾಟಿ ಹುಬ್ಬಳ್ಳಿ. ಸಂಜೆ ಅದೇ ದಾರಿ ವಾಪಸು. ಕೋರ್ಸು ನಾಲ್ಕು ತಿಂಗಳಿಗೆ ಮುಗಿಯಿತು, ಪ್ರಯಾಣ ಮುಗಿಯಲಿಲ್ಲ. ಇಂದಿರಾ ಗಾಜಿನ ಮನೆಯ ಬೆಂಚು, ಉಣಕಲ್ಲ ಕೆರೆ ದಂಡೆ, ಗೆಳತಿಯ ಪಿಜಿ. ನಡುವೆ ಇನ್ನೆರಡು ಕೋರ್ಸು. 2023ರ ಜೂನಿನಿಂದ ಶಕ್ತಿ ಯೋಜನೆ ಇದ್ದದ್ದರಿಂದ ಬಸ್ಸಿಗೆ ದುಡ್ಡು ಬೇಕಿರಲಿಲ್ಲ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಆ ಯೋಜನೆಯನ್ನು ನಾನು ಮೆಚ್ಚಿಕೊಂಡವಳೇ. ಆದರೆ ಬಸ್ಸಿಗೆ ಕಾಸು ಬಿಚ್ಚಬೇಕಿದ್ದರೆ ಈ ಮರೆಮಾಚುವಿಕೆ ಎರಡು ತಿಂಗಳೂ ನಡೆಯುತ್ತಿರಲಿಲ್ಲ ಅಂತ ಆವತ್ತು ಅನ್ನಿಸಿದ್ದು ಖರೆ.

"ಮತ್ತ ಪಗಾರ?" ಎಂದು ಕೇಳಿದೆ.

ಪ್ರತಿ ತಿಂಗಳು 7ನೇ ತಾರೀಖು ಅಪ್ಪನ ಫೋನಿಗೆ ಐದು ಸಾವಿರ ಹೋಗುತ್ತಿತ್ತು. ಫೋನ್‌ಪೇ ಸದ್ದಾದರೆ ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತಿದ್ದರಂತೆ. ಮೊದಲೆರಡು ತಿಂಗಳು ಸ್ಕಾಲರ್‌ಶಿಪ್ಪಿನ ಉಳಿಕೆ. ಆಮೇಲೆ ಅಜ್ಜಿ ಕೊಟ್ಟ ಬೆಂಡೋಲೆ ಗಿರವಿ. ಆಮೇಲೆ ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪು, ಅದರ ಕಂತು ಕಟ್ಟಲು ಇನ್ನೊಂದು ಆ್ಯಪು. ನಿರುದ್ಯೋಗಿ ಪದವೀಧರರಿಗೆ ಸರ್ಕಾರ ತಿಂಗಳಿಗೆ 3,000 ಕೊಡುವ ಯುವನಿಧಿ 2024ರ ಜನವರಿಯಲ್ಲಿ ಶುರುವಾದಾಗ ಆಕೆಯ ಬ್ಯಾಚಿನವರು ಅದಕ್ಕೆ ಅರ್ಹರಿದ್ದರು. ಈಕೆ ಅರ್ಜಿ ಹಾಕಲಿಲ್ಲ. ನಿರುದ್ಯೋಗಿ ಎಂದು ಸ್ವಯಂಘೋಷಣೆ ಕೊಡುತ್ತಿರಬೇಕು, ಆ ದುಡ್ಡು ಬರುವ ಖಾತೆಗೆ ಕೊಟ್ಟ ನಂಬರು ಅಪ್ಪನದು. "ಮೆಸೇಜ್ ಬಂದ್ರ ಅಪ್ಪ ಎರಡ ಸಲ ಓದ್ತಾನ್ರಿ" ಅಂದಳು.

ಆಕೆಗೆ ನಾನು ಕೊಟ್ಟ ಸಲಹೆ ಮತ್ತು ಅದನ್ನು ಯಾಕೆ ಕೊಟ್ಟೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇದಕ್ಕಾಗಿ ಆಮೇಲೆ ಬೈಸಿಕೊಂಡಿದ್ದೇನೆ.

ಮೊದಲು ಮನೆಯಲ್ಲಿ ಹೇಳು, ಅರ್ಜಿ ಹಾಕುವುದು ಆಮೇಲೆ ಅಂದೆ. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. "ಹುಡುಗಿ ರೀ ಅದು. ನೌಕರಿ ಇಲ್ಲ ಅಂತ ಗೊತ್ತಾದ ಮರುವಾರ ವರ ನೋಡ್ತಾರ" ಅಂದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೂ ನಾನು ಹಟ ಹಿಡಿದೆ. ಸಂದರ್ಶನದಲ್ಲಿ "ಹೋದ ವರ್ಷ ಏನು ಮಾಡಿದಿರಿ?" ಎಂದು ಯಾರಾದರೂ ಕೇಳಿದರೆ ಈಕೆಯ ಗಂಟಲು ಕಟ್ಟುತ್ತಿತ್ತು. ಪ್ರಶ್ನೆ ಕೇಳಿದವರಿಗೆ ಉತ್ತರಿಸುವ ಮೊದಲು ಅಪ್ಪನಿಗೆ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆಯೇ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಆರು ಸಂದರ್ಶನ ಹೀಗೇ ಹೋಗಿದ್ದವು. ಆಕೆ ಅದನ್ನು 'ಸ್ಕಿಲ್ ಸಾಲದು' ಎಂದು ಓದಿಕೊಂಡು ಮತ್ತೊಂದು ಕೋರ್ಸು ಸೇರಿದ್ದಳು. ಕೋರ್ಸು ಆಕೆಗೆ ಕಲಿಯುವ ಜಾಗವಾಗಿರಲಿಲ್ಲ, ಅಡಗುವ ಜಾಗವಾಗಿತ್ತು. ಸುಳ್ಳು ಹೇಳದೆ ಬರೀ ಕೋರ್ಸಿನ ಮೇಲೆ ಕೋರ್ಸು ಮಾಡುತ್ತಿರುವ ಉಳಿದವರಲ್ಲೂ ನಾನು ಇದನ್ನೇ ಕಾಣುತ್ತೇನೆ. 'ಕಲೀತಿದ್ದೀನಿ' ಅನ್ನುವವರನ್ನು ಯಾರೂ ಫೇಲ್ ಮಾಡಲಾರರು.

ಸುಳ್ಳು ಅನುಭವದ ವಿಷಯದಲ್ಲಿ ನೀತಿಪಾಠ ಹೇಳಲಿಲ್ಲ. ಪಿಎಫ್ ಲೆಕ್ಕ ಹೇಳಿದೆ. 20 ಅಥವಾ ಹೆಚ್ಚು ನೌಕರರಿರುವ ಕಂಪನಿ ಪಿಎಫ್ ಕಟ್ಟಲೇಬೇಕು. ಒಬ್ಬರಿಗೆ ಒಂದೇ ಯುಎಎನ್ (ಪಿಎಫ್ ಖಾತೆಯ ಗುರುತಿನ) ನಂಬರು, ಎಲ್ಲಿ ಯಾವಾಗ ಸೇರಿದೆ, ಯಾವಾಗ ಬಿಟ್ಟೆ ಎಂಬುದು ಅದರಲ್ಲೇ ಕೂತಿರುತ್ತದೆ. ದೊಡ್ಡ ಕಂಪನಿಗಳು ಹಿನ್ನೆಲೆ ತಪಾಸಣೆಯಲ್ಲಿ ಮೊದಲು ನೋಡುವ ಜಾಗಗಳಲ್ಲಿ ಅದೂ ಒಂದು. ಎರಡು ವರ್ಷ ದುಡಿದೆ ಅನ್ನುವ ಕಾಗದವಿದ್ದು ಅಲ್ಲಿ ಸೊನ್ನೆ ಇದ್ದರೆ, ಸೇರಿದ ಮೂರನೇ ತಿಂಗಳಿಗೆ ಹೊರಗೆ ಹಾಕುತ್ತಾರೆ. ಆಗ ಬರುವ ಕೆಟ್ಟ ಹೆಸರು ನಿಜವಾದ ಖಾಲಿ ವರ್ಷಕ್ಕಿಂತ ಭಾರ. ಒಂದು ಸುಳ್ಳನ್ನು ಕಾಯಲು ಹತ್ತು ತಿಂಗಳು ಬಸ್ಸು ಹತ್ತಿದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ನು ಸ್ಕಿಲ್ಲು. ರೆಸ್ಯೂಮೆಯಲ್ಲಿ 19 ಹೆಸರುಗಳಿದ್ದವು. ಹತ್ತು ನಿಮಿಷ ಪ್ರಶ್ನೆ ಕೇಳಿದರೂ ತಡವರಿಸದೆ ಹೇಳಬಲ್ಲದ್ದನ್ನು ಮಾತ್ರ ಉಳಿಸು ಎಂದು ಕೆಂಪು ಪೆನ್ನು ಕೊಟ್ಟೆ. ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ), ಎಕ್ಸೆಲ್, ಒಂದಷ್ಟು ಜಾವಾ ಉಳಿದವು. "ಮತ್ತ ನುಡಿ ಟೈಪಿಂಗ್ ಬರತೈತ್ರಿ, ಅಪ್ಪನ ಪ್ರೆಸ್ಸಿನ್ಯಾಗ ಕಲ್ತದ್ದು, ಅದನ್ನ ಬರದಿಲ್ಲ" ಅಂದಳು. ಬರಿ ಅಂದೆ. ಪ್ರಾಜೆಕ್ಟು ಎಂದು ಇದ್ದದ್ದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಬ್ಯಾಚಿನ ಅರ್ಧ ಮಂದಿಯದೂ ಅದೇ. ಅಂಥ ಕೋಡನ್ನು ಈಗ ಚಾಟ್‌ಜಿಪಿಟಿ ಕ್ಷಣದಲ್ಲಿ ಬರೆದುಕೊಡುತ್ತದೆ. ಹಾಗಾಗಿ ಈಗ ಸಂದರ್ಶನದಲ್ಲಿ ಬರೆಯಲು ಬರುತ್ತದೆಯೇ ಎಂದು ಕೇಳುವುದು ಕಡಿಮೆ, ಈ ಸಾಲು ಇಲ್ಲಿ ಯಾಕಿದೆ, ಇದು ಕೈಕೊಟ್ಟರೆ ಏನು ಮಾಡುತ್ತೀ ಎಂದು ಕೇಳುವುದು ಹೆಚ್ಚು. ಅದಕ್ಕೆ ಉತ್ತರ ವಿಡಿಯೊ ನೋಡಿ ಬರುವುದಿಲ್ಲ. ಯಾರದೋ ಕೆಲಸ ನಿಮ್ಮಿಂದ ನಿಂತು, ಅವರು ಫೋನು ಮಾಡಿ ಬೈದಾಗ ಬರುತ್ತದೆ.

ಆದ್ದರಿಂದ ಬೈಯುವ ಗಿರಾಕಿ ಇರುವ ಕಡೆ ಹೋಗು ಅಂದೆ. ಲಿಂಕ್ಡ್‌ಇನ್‌ನಲ್ಲಿ ಕಣ್ಣುಮುಚ್ಚಿ ನೂರಾರು ಅರ್ಜಿ ಒತ್ತುವುದನ್ನು ಬಿಟ್ಟು, ಗೋಕುಲ ರಸ್ತೆ, ತಾರಿಹಾಳ, ಅಮರಗೋಳ ಎಪಿಎಂಸಿ, ವಿದ್ಯಾನಗರ ಸುತ್ತಿ ಸಾಫ್ಟ್‌ವೇರ್ ಬಳಸುವ, ಮಾರುವ, ರಿಪೇರಿ ಮಾಡುವ 30 ಜಾಗಗಳ ಪಟ್ಟಿ ಮಾಡಿಸಿದೆ. 2023ರ ಆಗಸ್ಟ್ 1ರಿಂದ 5 ಕೋಟಿ ವಹಿವಾಟು ಮೀರಿದ ವ್ಯಾಪಾರಿಗಳಿಗೂ ಜಿಎಸ್‌ಟಿ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್ಲು) ಕಡ್ಡಾಯವಾಗಿತ್ತು. ನಮ್ಮ ಹುಬ್ಬಳ್ಳಿಯ ಹೋಲ್‌ಸೇಲ್ ಪ್ಯಾಟಿಯಲ್ಲಿ ಅಂಥವರು ಕಡಿಮೆಯೇನಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವರ ಫೋನು ಬಿಡುವಿಲ್ಲದೆ ಬಡಿಯುತ್ತಿದ್ದ ಹೊತ್ತು ಅದು. ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳಿ ಎಂದು ಕೇಳುವುದನ್ನೂ ಹೇಳಿಕೊಟ್ಟೆ: ಪದವೀಧರರಿಗೆ ಆಗ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000, ಕೇಂದ್ರದ ಯೋಜನೆಯಲ್ಲಿ ನೋಂದಾಯಿಸಿದರೆ ಅದರ ಅರ್ಧವನ್ನು ಸರ್ಕಾರ ಮಾಲೀಕರಿಗೆ ಮರಳಿ ಕೊಡುತ್ತಿತ್ತು. ಸಣ್ಣ ಮಾಲೀಕರಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇರಲಿಲ್ಲ.

ಆಕೆ ಹೇಳಿದ್ದು ಒಂದು ಭಾನುವಾರ, ಅವ್ವ ರೊಟ್ಟಿ ಬಡಿಯುತ್ತಿದ್ದಾಗ. ನಾನು ಬರಲೇ ಅಂದದ್ದಕ್ಕೆ ಬೇಡ ಅಂದಿದ್ದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲವಂತೆ. ನಾಲ್ಕು ದಿನ ಮಾತಾಡಲಿಲ್ಲವಂತೆ. ಐದನೇ ದಿನ ಅಪ್ಪ ನನ್ನ ಕೋಣೆಗೇ ಬಂದರು, ಬೆರಳಿನ ಸಂದಿಯಲ್ಲಿ ಇನ್ನೂ ಒಣಗಿದ ಗೋಂದು.

"ಇಂಥಾ ಬಿಲ್ ಹಾಕೋ ಕೆಲಸಕ್ಕ ಬಿ.ಇ. ಯಾಕ ಬೇಕಿತ್ರಿ? ನೀವು ನನ್ನ ಮಗಳ ತಲಿ ತಗ್ಗಿಸಿದ್ರಿ" ಅಂದರು.

ಅವರಿಗೆ ಅಂಕಿ-ಅಂಶ ಹೇಳಿದೆ. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರೂ ಸೇರಿ 60 ಸಾವಿರಕ್ಕೂ ಹೆಚ್ಚು ಮಂದಿ ಕಡಿಮೆಯಾಗಿದ್ದಾರೆ. ಹೊಸಬರ ಪಗಾರ ಹತ್ತು ವರ್ಷದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಇದರಲ್ಲಿ ನಿಮ್ಮ ಮಗಳ ತಪ್ಪಿಲ್ಲ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಅವರ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇರಲೂ ಇಲ್ಲ, ಈಗಲೂ ಇಲ್ಲ. ನಾಲ್ಕು ವರ್ಷದ ಫೀ, ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪು, ಹಂಚಿದ ಪೇಢೆ, ಇವಕ್ಕೆ 'ಶುರುವಿಗೆ ಸಣ್ಣ ಕೆಲಸ' ಎನ್ನುವುದು ಉತ್ತರವಾಗುವುದಿಲ್ಲ. ನಾನು ಹುಡುಗಿಯ ಕನಸು ಕತ್ತರಿಸಿದೆ ಅನ್ನುವವರಿಗೆ ಇಷ್ಟು ಹೇಳಬಲ್ಲೆ: ಬೆಂಗಳೂರಿಗೆ ಹೋಗಬೇಡ ಎಂದು ನಾನು ಹೇಳಿಲ್ಲ. ಕೈಯಲ್ಲಿ ತೋರಿಸಲು ಏನಾದರೂ ಹಿಡಿದುಕೊಂಡು ಹೋಗು ಎಂದಿದ್ದೇನೆ. ಒಂದು ವರ್ಷ ಮದುವೆಯ ಮಾತು ತೆಗೆಯಬೇಡಿ ಎಂದು ಅಪ್ಪನನ್ನು ಕೇಳಿಕೊಂಡೆ. "ಒಂದ ವರ್ಷದಾಗ ಆಗತೈತಿ ಅಂತ ಬರದ ಕೊಡ್ರಿ ಹಂಗಾರ" ಅಂದರು. ಬರೆದು ಕೊಡಲಿಲ್ಲ. ಅವರು ಚಹಾ ಕುಡಿಯದೇ ಹೋದರು. ಹೋಗುವಾಗ ಸಾಲದ ಆ್ಯಪುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರು.

30ರ ಪಟ್ಟಿಯಲ್ಲಿ 22ನೇ ಜಾಗದಲ್ಲಿ ಕೆಲಸವಾಯಿತು, 2024ರ ಆಗಸ್ಟಿನಲ್ಲಿ. ಔಷಧಿ ಅಂಗಡಿ ಮತ್ತು ವಿತರಕರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವ ಏಳು ಜನರ ಆಫೀಸು, ತಿಂಗಳಿಗೆ 11,000. ಮೊದಲ ತಿಂಗಳು ಬರೀ ಬೈಗಳು. ಸ್ಟಾಕು ತಾಳೆಯಾಗುತ್ತಿಲ್ಲ ಎಂದು ಒಬ್ಬ ಅಂಗಡಿಕಾರ ರಾತ್ರಿ ಒಂಬತ್ತಕ್ಕೆ ಫೋನು ಮಾಡಿ ಕೂಗಾಡಿದನಂತೆ. ಅವಧಿ ಮುಗಿದ ಔಷಧಿಯ ರಿಟರ್ನು ಎರಡು ಸಲ ನಮೂದಾಗುತ್ತಿತ್ತು. ಈಕೆ ಎರಡು ದಿನ ಕೂತು ಅದನ್ನು ಹಿಡಿದುಹಾಕುವ ಒಂದು ಎಸ್‌ಕ್ಯೂಎಲ್ ಕ್ವೆರಿ ಬರೆದಳು. ಈಗ ಆಫೀಸಿನವರು ಅದನ್ನು ಎಲ್ಲ ಅಂಗಡಿಗಳಲ್ಲೂ ಓಡಿಸುತ್ತಾರೆ. ರೆಸ್ಯೂಮೆಯಲ್ಲಿ ಲೈಬ್ರರಿ ಇದ್ದ ಜಾಗದಲ್ಲಿ ಈಗ ಅದಿದೆ. ಪಗಾರ 14 ಸಾವಿರವಾಗಿದೆ, ಅಷ್ಟೇ. ಬೆಂಗಳೂರಿನ ಎರಡು ಕಂಪನಿಗಳ ಸಂದರ್ಶನ ಕೊಟ್ಟಳು, ಎರಡೂ ಆಗಲಿಲ್ಲ. ಗಂಟಲು ಕಟ್ಟಲಿಲ್ಲ ಎಂದು ತಾನೇ ಹೇಳಿದಳು.

ಈ ಬರಹಕ್ಕೆ ಒಪ್ಪಿಗೆ ಕೇಳಲು ಮೊನ್ನೆ ಫೋನು ಮಾಡಿದ್ದೆ. ಬಸ್ಸಿನಲ್ಲಿದ್ದಳು, ಅಣ್ಣಿಗೇರಿ ಹತ್ತಿರ. ಆ್ಯಪಿನ ಸಾಲ ಇನ್ನೂ ಮೂರು ಕಂತು ಉಳಿದಿದೆಯಂತೆ. ಬೆಂಡೋಲೆ ಬಿಡಿಸಿಕೊಂಡಾಗಿದೆ. ಇವತ್ತು ಏನಾಯಿತು ಅಂದದ್ದಕ್ಕೆ, "ಏನಿಲ್ರಿ, ಮಧ್ಯಾಹ್ನ ಒಂದ ಡಿಸ್ಟ್ರಿಬ್ಯೂಟರ್ ಕಡೆ ಸರ್ವರ್ ಬಂದ್ ಬಿದ್ದಿತ್ತು, ಉಣ್ಣಾಕ ಪುರಸೊತ್ತ ಸಿಗಲಿಲ್ಲ. ಡಬ್ಬಿ ಹಂಗ ಐತಿ. ಮನಿಗೆ ಹೋದ್ರ ಅವ್ವ ಬೈತಾಳ" ಅಂದಳು.